ನಳಿಗೆಯ ಮೇಲಿನ ಊರು

ಕಳೆದ ತಿಂಗಳು ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ಅಣ್ಣನ ಮಗ ವಾಟ್ಸಾಪಿನಲ್ಲಿ ಎರಡು ಚಿತ್ರಗಳನ್ನು ಕಳುಹಿಸಿದ. ಮೊದಲನೆಯದರಲ್ಲಿ ಅಂಗಡಿಯೊಂದರ ಗಾಜಿನ ಮೇಜಿನ ಮೇಲೆ ಮಲಗಿಸಿದ ಹೊಸ ವಿಂಚೆಸ್ಟರ್ ಮಾಡೆಲ್ 94 ರೈಫಲ್ ಇತ್ತು. ಎರಡನೆಯದನ್ನು ಅದರ ನಳಿಗೆಯ ಮೇಲಿನ ಸಣ್ಣ ಅಕ್ಷರಗಳು ಕಾಣುವಂತೆ ಬಹಳ ಹತ್ತಿರದಿಂದ ತೆಗೆದಿದ್ದ. ಕೆಳಗೆ ಅವನ ಪ್ರಶ್ನೆ: "ಕಾಕಾ, ಮುತ್ಯಾನ ಬಂದೂಕಿನ ಮ್ಯಾಲ ಅಮೆರಿಕಾ ಅಂತ ಬರ್ದಿತ್ತಲ್ಲ? ಇದರ ಮ್ಯಾಲ ಜಪಾನ್ ಅಂತ ಅದ. ಇದು ಅಸಲಿ ಅದನೋ ನಕಲಿನೋ?"

ಅಸಲಿ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು, ಮತ್ತು ಅದು ತಪ್ಪಾಗುತ್ತಿರಲಿಲ್ಲ. ಆದರೆ ಕಲಬುರಗಿಯ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಮತ್ತು ಟರ್ನರ್ ವಿದ್ಯಾರ್ಥಿಗಳಿಗೆ ಅರ ಹಿಡಿಯುವುದನ್ನು, ಲೇತ್ ನಡೆಸುವುದನ್ನು ಕಲಿಸಿದವನಿಗೆ ಆ ಒಂದು ಮಾತು ಸಾಲದು. ಒಂದು ವಸ್ತುವನ್ನು ಮಾಡುವ ಊರು ಬದಲಾದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ನಾನು ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿದ್ದೇನೆ. ಅವನಿಗೆ ಬರೆಯಲು ಹೊರಟ ಉತ್ತರ ಉದ್ದವಾದ ಕಾರಣ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನು ನೆನಪಿಸಿದ ಬಂದೂಕು ನಮ್ಮ ತಂದೆಯವರದು. ಸುರಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವರಿಗೆ ಜಮೀನಿತ್ತು; 1950ರ ದಶಕದ ಕೊನೆಯಲ್ಲಿ ಹೈದರಾಬಾದಿಗೆ ಹೋಗಿ, ಎರಡು ವರ್ಷದ ಹತ್ತಿಯ ಹಣದಲ್ಲಿ, ವಿಂಚೆಸ್ಟರ್ ಕಂಪನಿಯ ಮಾಡೆಲ್ 70 ರೈಫಲ್ಲನ್ನು ಕೊಂಡು ತಂದಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರು ಬೇಟೆಯನ್ನು ಬಿಟ್ಟರು. ಬಿಡಲೇಬೇಕಾಗಿತ್ತು, ಮತ್ತು ಬಿಟ್ಟದ್ದು ಒಳ್ಳೆಯದಾಯಿತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅವರ ನಂತರ ಲೈಸನ್ಸು ಅಣ್ಣನ ಹೆಸರಿಗೆ ಆಯಿತು. ಈಗ ಆ ರೈಫಲ್ಲು ವರ್ಷದ ಬಹುಕಾಲ ಕಬ್ಬಿಣದ ಕಪಾಟಿನಲ್ಲಿರುತ್ತದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಠಾಣೆಗೆ ಹೋಗಿ ಜಮಾ ಆಗುತ್ತದೆ, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತದೆ.

ನಾನು ಬೇಟೆಗಾರನಲ್ಲ. ಆದರೆ ಆ ರೈಫಲ್ಲಿನ ಬೋಲ್ಟನ್ನು, ಅಂದರೆ ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಭಾಗವನ್ನು, ಹೊರಗೆ ತೆಗೆದು ಕೈಯಲ್ಲಿ ಹಿಡಿದಾಗಲೆಲ್ಲ ಒಬ್ಬ ಒಳ್ಳೆಯ ಫಿಟ್ಟರನ ಕೈಯನ್ನು ಹಿಡಿದಂತೆ ನನಗೆ ಅನ್ನಿಸುತ್ತದೆ. ಬೋಲ್ಟಿನ ಬಲಬದಿಗೆ ಒಂದು ಉದ್ದನೆಯ ಉಕ್ಕಿನ ಪಟ್ಟಿ ಒತ್ತಿಕೊಂಡು ಕೂತಿದೆ. ಅದರ ಮುಂತುದಿ ಹದ್ದಿನ ಉಗುರಿನಂತೆ ಒಳಕ್ಕೆ ಬಾಗಿದೆ. ತೋಟಾ ಮ್ಯಾಗಜೀನಿನಿಂದ ಮೇಲೇಳುವ ಗಳಿಗೆಯಲ್ಲಿಯೇ ಈ ಉಗುರು ಅದರ ಅಂಚನ್ನು ಹಿಡಿದು, ನಳಿಗೆಯೊಳಗೆ ಕೂರಿಸಿ, ಸುಟ್ಟ ಮೇಲೆ ಹೊರಗೆಳೆದು ಬಿಸಾಡುವವರೆಗೂ ಬಿಡುವುದಿಲ್ಲ. ರೈಫಲ್ಲನ್ನು ತಲೆಕೆಳಗಾಗಿ ಹಿಡಿದು ಬೋಲ್ಟ್ ಎಳೆದರೂ ತೋಟಾ ಜಾರಿ ಬೀಳುವುದಿಲ್ಲ. ಈ ಉಗುರು ಹುಟ್ಟಿದ್ದು ಅಮೆರಿಕದಲ್ಲಲ್ಲ, ಜರ್ಮನಿಯ ಓಬರ್ನ್‌ಡಾರ್ಫಿನಲ್ಲಿ, 1890ರ ದಶಕದ ಮೌಸರ್ ರೈಫಲ್ಲುಗಳಲ್ಲಿ. ಅಮೆರಿಕದ ಬೇಟೆಗಾರರು ತಮ್ಮ ದೇಶದ ಹೆಮ್ಮೆ ಎಂದು ಎತ್ತಿ ತೋರಿಸುವ, 1936ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ 70ರ ಎದೆಯಲ್ಲಿ ಇರುವುದು ಹೀಗೆ ಸಮುದ್ರ ದಾಟಿ ಬಂದ ಒಂದು ಉಪಾಯ.

ಈ ಬಂದೂಕಿನ ಕೆಲಸ ನನ್ನ ಕೈಗೆ ಬಂದದ್ದು ಒಂದೇ ಒಂದು ಸಲ. 1990ರ ದಶಕದಲ್ಲಿ ಯಾರೋ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ, ಕುಂದಾವನ್ನು, ಅಂದರೆ ಮರದ ಹಿಡಿಯನ್ನು, ಬೋಲ್ಟ್ ಕೂರುವ ಉಕ್ಕಿನ ಮೈಯಾದ ರಿಸೀವರಿಗೆ ಬಿಗಿಯುವ ತಿರುಪಿನ ತಲೆಯನ್ನು ಕೆಡಿಸಿಬಿಟ್ಟಿದ್ದರು. ಆಗ ನಮ್ಮಲ್ಲಿ ಬಂದೂಕು ದುರಸ್ತಿಗೆ ಪರವಾನಗಿ ಇದ್ದ ಹಿರಿಯ ಮಿಸ್ತ್ರಿಯೊಬ್ಬರಿದ್ದರು. ಅವರು ಆ ಕೆಟ್ಟ ತಿರುಪನ್ನು ಕಾಗದದಲ್ಲಿ ಸುತ್ತಿಕೊಂಡು ನಾನು ಕೆಲಸ ಮಾಡುತ್ತಿದ್ದಲ್ಲಿಗೆ ಬಂದರು. "ಸರ್, ಇದಕ್ಕ ಹೊಂದೋ ತಿರುಪು ಇಡೀ ಗುಲಬರ್ಗಾದಾಗ ಸಿಗಲಿಲ್ರಿ. ಚೂಡಿನೇ ಬ್ಯಾರೆ ಅದ." ಚೂಡಿ ಎಂದರೆ ತಿರುಪಿನ ಮೈಮೇಲಿನ ಸುತ್ತುಗೆರೆ. ಅದನ್ನು ಅಳೆಯುವ ಪಿಚ್ ಗೇಜ್ ಹಿಡಿದು ನೋಡಿದರೆ ಅವರ ಮಾತು ನಿಜವಾಗಿತ್ತು. ಕಾಲು ಇಂಚು ದಪ್ಪದ ತಿರುಪಿಗೆ ಸಾಮಾನ್ಯವಾಗಿ ಇಂಚಿಗೆ 28 ಸುತ್ತಿನ ಸಣ್ಣ ಚೂಡಿ ಇರುತ್ತದೆ. ಇದರಲ್ಲಿ 32 ಇದ್ದವು. ಅದಕ್ಕೆ ತಕ್ಕ ಡೈ, ಅಂದರೆ ಚೂಡಿ ಕೊರೆಯುವ ಅಚ್ಚು, ಎಲ್ಲಿಯೂ ಸಿಗಲಿಲ್ಲ. ಲೇತಿನ ಗೇರುಗಳನ್ನು ಬದಲಿಸಿ, ಟೂಲ್ ಬಿಟ್ಟನ್ನು ಹೊಸದಾಗಿ ಮಸೆದು, ಒಂದೊಂದೇ ಪದರವಾಗಿ ಚೂಡಿ ಕತ್ತರಿಸಿ ಕೊಟ್ಟೆ. ಮೂರನೆಯ ಪ್ರಯತ್ನದಲ್ಲಿ ಅದು ಹೊಂದಿತು. ಮಿಸ್ತ್ರಿಯವರು ಅದನ್ನು ಬೆರಳಿನಿಂದಲೇ ತಿರುಗಿಸಿ, ಕೊನೆಯ ಸುತ್ತಿಗೆ ಬಂದಾಗ ಕಣ್ಣು ಮುಚ್ಚಿಕೊಂಡರು. ಚೂಡಿ ಕೂತದ್ದನ್ನು ಅವರು ಕಣ್ಣಿನಿಂದಲ್ಲ, ಬೆರಳಿನಿಂದ ನೋಡುತ್ತಿದ್ದರು.

ಅಂದಿನಿಂದ ಆ ತಿರುಪನ್ನು ಮೊದಲು ಕತ್ತರಿಸಿದ ಊರಿನ ಬಗ್ಗೆ ನನಗೆ ಕುತೂಹಲ ಹುಟ್ಟಿತು. ಆ ಊರು ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್. ಆ ಊರಿನ ಪಕ್ಕದಲ್ಲಿಯೇ ಎಲೈ ವಿಟ್ನಿ ಎಂಬಾತ 1798ರಲ್ಲಿ ಸರ್ಕಾರಕ್ಕೆ 10,000 ಮಸ್ಕೆಟ್ ಬಂದೂಕುಗಳನ್ನು ಮಾಡಿಕೊಡುವ ಗುತ್ತಿಗೆ ಹಿಡಿದಿದ್ದ. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದಬೇಕೆಂಬ ಮಾತು ಆ ಸೀಮೆಯಲ್ಲಿ ಅಂದಿನಿಂದಲೇ ಇತ್ತು. ಅಂಗಿ ಹೊಲಿಸುವ ಕಾರ್ಖಾನೆ ನಡೆಸಿ ಹಣ ಮಾಡಿದ್ದ ಆಲಿವರ್ ವಿಂಚೆಸ್ಟರ್ 1866ರಲ್ಲಿ ತನ್ನ ಹೆಸರಿನ ಬಂದೂಕು ಕಂಪನಿ ಆರಂಭಿಸಿದ. ಮೊದಲ ಮಹಾಯುದ್ಧದ ಕಾಲಕ್ಕೆ ಅಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅಪ್ಪ, ಮಗ, ಮೊಮ್ಮಗ ಒಂದೇ ಗೇಟಿನೊಳಗೆ ಹೋಗುತ್ತಿದ್ದ ಊರದು. ನನ್ನ ಅಣ್ಣನ ಮಗ ಅಂಗಡಿಯಲ್ಲಿ ನೋಡಿದ ಮಾಡೆಲ್ 94 ಅಲ್ಲಿಯೇ 1894ರಲ್ಲಿ ಆರಂಭವಾಗಿ, 70 ಲಕ್ಷಕ್ಕೂ ಮೀರಿ ತಯಾರಾಯಿತು. ಅಮೆರಿಕದ ಹಳ್ಳಿಗಾಡಿನಲ್ಲಿ ಜಿಂಕೆ ಬೇಟೆ ಎಂದರೆ ಬಹಳ ಮನೆಗಳಲ್ಲಿ ಅದೇ ರೈಫಲ್ಲು.

2006ರ ಜನವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವುದಾಗಿ ಘೋಷಣೆಯಾಯಿತು. ಮಾರ್ಚ್ ಕೊನೆಗೆ ಮುಚ್ಚಿಯೂ ಹೋಯಿತು. ಆಗ ಅಲ್ಲಿ ಉಳಿದಿದ್ದವರು ಇನ್ನೂರಕ್ಕಿಂತ ಕಡಿಮೆ ಜನ. ಹಳೆಯ ಕಟ್ಟಡಗಳ ಒಂದು ಭಾಗ ಇಂದು ಬಾಡಿಗೆ ಮನೆಗಳಾಗಿದೆ, ಆ ಮನೆಗಳಿಗೂ ವಿಂಚೆಸ್ಟರ್ ಎಂದೇ ಹೆಸರು. 2010ರಲ್ಲಿ ಮಾಡೆಲ್ 94 ಮತ್ತೆ ಮಾರುಕಟ್ಟೆಗೆ ಬಂದಾಗ ಅದು ಜಪಾನಿನ ಕೋಚಿ ಪ್ರಾಂತ್ಯದ ಮಿರೋಕು ಕಾರ್ಖಾನೆಯಲ್ಲಿ ತಯಾರಾಗಿತ್ತು. ಮಾಡೆಲ್ 70 ಕೆಲವು ವರ್ಷ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ತಯಾರಾಗಿ, 2013ರ ಸುಮಾರಿಗೆ ಅದರ ಜೋಡಣೆ ಪೋರ್ಚುಗಲ್ಲಿನ ವಿಯಾನಾ ದೊ ಕಾಸ್ಟೆಲೊ ಎಂಬ ಊರಿಗೆ ಹೋಯಿತು. ವಿಂಚೆಸ್ಟರ್ ಎಂಬ ಹೆಸರಿನ ಹಕ್ಕು ಅಮೆರಿಕದ ಓಲಿನ್ ಕಂಪನಿಯದು. ಆ ಹೆಸರಿನಲ್ಲಿ ರೈಫಲ್ ಮಾಡಿಸುವವರು ಬೆಲ್ಜಿಯಮ್ಮಿನ ಹರ್ಸ್ಟಾಲ್ ಸಮೂಹದವರು, ಈಗ ಅವರ ಹೆಸರು ಎಫ್‌ಎನ್ ಬ್ರೌನಿಂಗ್ ಸಮೂಹ. ಆ ಸಮೂಹದ ಒಡೆತನ ಬೆಲ್ಜಿಯಮ್ಮಿನ ವಲೋನಿಯಾ ಪ್ರಾಂತ್ಯದ ಸರ್ಕಾರದ್ದು. ಅಂಗಡಿಯಲ್ಲಿ ಕೊಳ್ಳುವವನ ಕಣ್ಣಿಗೆ ಮಾತ್ರ ಇನ್ನೂ ಕೌಬಾಯ್ ಟೋಪಿಯೇ ಕಾಣುತ್ತದೆ.

ಇದನ್ನು ಕೇಳಿದ ಹಳೆಯ ಬೇಟೆಗಾರರು "ಜಪಾನಿಗೆ ಹೋಯಿತು, ಗುಣಮಟ್ಟವೂ ಹೋಯಿತು" ಎಂದು ಮರುಗುವುದುಂಟು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಅವರ ತೀರ್ಮಾನ ಮಾತ್ರ ಒಪ್ಪಿಗೆಯಾಗುವುದಿಲ್ಲ. ವಿಂಚೆಸ್ಟರಿನ ಗುಣಮಟ್ಟ ಕುಸಿದ ವರ್ಷ 2006 ಅಲ್ಲ, 1964. ಆಗ ಕಾರ್ಖಾನೆ ನ್ಯೂ ಹೇವನ್ನಿನಿಂದ ಒಂದು ಗೇಣೂ ಅಲುಗಿರಲಿಲ್ಲ.

ಹಳೆಯ ಮಾಡೆಲ್ 70ರ ರಿಸೀವರನ್ನು ಬಡಿದು ಮಾಡಿದ ಉಕ್ಕಿನ ಗಟ್ಟಿಯಿಂದ ಕೊರೆದು ತೆಗೆಯುತ್ತಿದ್ದರು. ಗಟ್ಟಿಯ ಬಹುಪಾಲು ಉಕ್ಕು ಚೂರಾಗಿ ನೆಲಕ್ಕೆ ಬೀಳುತ್ತಿತ್ತು, ಮತ್ತು ಪ್ರತಿ ಹಂತದಲ್ಲೂ ಒಬ್ಬ ಮನುಷ್ಯ ಗೇಜ್ ಹಿಡಿದು ನೋಡಬೇಕಾಗಿತ್ತು. ಕೂಲಿ ಏರಿದಂತೆ ಲಾಭ ಇಳಿಯಿತು. ಆದ್ದರಿಂದ 1964ರಲ್ಲಿ ಆ ಉದ್ದನೆಯ ಉಗುರನ್ನು ಕೈಬಿಟ್ಟು ಅಗ್ಗದ ಬೋಲ್ಟ್ ತಂದರು. ಆಕ್ರೋಟ ಮರದ ಕುಂದಾದ ಮೇಲೆ ಉಳಿಯಿಂದ ಗೆರೆ ಗೆರೆಯಾಗಿ ಕೆತ್ತುತ್ತಿದ್ದ ಚೌಕುಳಿಯ ಬದಲು ಅಚ್ಚು ಒತ್ತಿದ ಚೌಕುಳಿ ಬಂತು. ಮಾಡೆಲ್ 94ರಲ್ಲಿ ತೋಟಾವನ್ನು ಮೇಲೆತ್ತುವ ಗಟ್ಟಿ ಭಾಗದ ಜಾಗಕ್ಕೆ ತಗಡಿನಿಂದ ಒತ್ತಿದ ಭಾಗ ಬಂತು, ಗಟ್ಟಿ ಪಿನ್ನುಗಳ ಜಾಗಕ್ಕೆ ಸುತ್ತಿದ ಟೊಳ್ಳು ಪಿನ್ನುಗಳು ಬಂದವು. ಊರು ಅದೇ, ಗೇಟು ಅದೇ, ನಳಿಗೆಯ ಮೇಲಿನ ಹೆಸರೂ ಅದೇ. ಕೊಳ್ಳುವವರು ಮಾತ್ರ ತಕ್ಷಣ ಗುರುತಿಸಿದರು; ಇಂದಿಗೂ ಹಳೆಯ ಬಂದೂಕು ಮಾರುವವರು 1964ರ ಹಿಂದಿನದೋ ಮುಂದಿನದೋ ಎಂದು ಮೊದಲು ಕೇಳುತ್ತಾರೆ, ಬೆಲೆ ಅದರ ಮೇಲೆ ನಿಲ್ಲುತ್ತದೆ. ನಮ್ಮ ತಂದೆಯವರ ರೈಫಲ್ಲು ಹಿಂದಿನದು. ಅದು ಅವರ ಅದೃಷ್ಟ, ಜಾಣತನವಲ್ಲ.

ಆಮೇಲಿನ ಕತೆ ಇಳಿಜಾರಿನದು. 1979ರಲ್ಲಿ ಆರಂಭವಾದ ದೀರ್ಘ ಮುಷ್ಕರ, 1981ರಲ್ಲಿ ಓಲಿನ್ ಕಂಪನಿ ಕಾರ್ಖಾನೆಯನ್ನು ಅಲ್ಲಿನ ನೌಕರರಿಗೇ ಮಾರಿದ್ದು, ಐದು ವರ್ಷದಲ್ಲಿ ಆ ಹೊಸ ಸಂಸ್ಥೆ ದಿವಾಳಿಯಾದದ್ದು, ಕೊನೆಗೆ ಬೆಲ್ಜಿಯಮ್ಮಿನವರ ಕೈಗೆ ಹೋದದ್ದು. ನಡುವೆ 1990ರ ದಶಕದಲ್ಲಿ ಆ ಹಳೆಯ ಉಗುರನ್ನು ಮಾಡೆಲ್ 70ಕ್ಕೆ ಮರಳಿ ತಂದರು. ಹೊಸ ಮಾಡೆಲ್ 94ರಲ್ಲಿ ಹಳಬರು ಹಳಿಯುವ ಸೇಫ್ಟಿ ಗುಂಡಿಯನ್ನು ಜಪಾನಿನವರ ತಪ್ಪೆಂದು ಹೇಳುವುದನ್ನು ನಾನು ಕೇಳಿದ್ದೇನೆ. ಅದೂ ನ್ಯೂ ಹೇವನ್ನಿನಲ್ಲಿಯೇ, ಕಾರ್ಖಾನೆ ಮುಚ್ಚುವುದಕ್ಕೆ ಮೊದಲೇ ಸೇರಿಕೊಂಡದ್ದು.

ಮಿರೋಕು ಕಂಪನಿಯವರು ನಿನ್ನೆ ಮೊನ್ನೆ ಬಂದೂಕಿಗೆ ಕೈಹಾಕಿದವರಲ್ಲ. ಶಿಕೋಕು ದ್ವೀಪದ ಕೋಚಿಯಲ್ಲಿ ಅವರ ಮನೆತನದ ಬಂದೂಕು ಕೆಲಸ 1893ರಿಂದ ಇದೆ. ತಿಮಿಂಗಿಲ ಹಿಡಿಯುವ ಹಡಗುಗಳ ಮೇಲಿನ ಈಟಿ ಬಂದೂಕುಗಳನ್ನೂ ಅವರು ಮಾಡುತ್ತಿದ್ದರು. ಕೋಚಿಯ ಹಳೆಯ ಹೆಸರು ತೋಸಾ, ಕೈಯಿಂದ ಬಡಿದ ಕತ್ತಿ ಕುಡುಗೋಲುಗಳಿಗೆ ಹೆಸರಾದ ಸೀಮೆ. 1960ರ ದಶಕದ ನಡುವಿನಿಂದ ಅಮೆರಿಕದ ಬ್ರೌನಿಂಗ್ ಕಂಪನಿಗಾಗಿ ಬೇಟೆಯ ಬಂದೂಕುಗಳನ್ನು ಮಾಡುತ್ತ ಬಂದಿದ್ದಾರೆ. ಸುಮಾರು ಅರವತ್ತು ವರ್ಷ ಎಂದರೆ ಗುರುವಿನಿಂದ ಶಿಷ್ಯನಿಗೆ, ಆ ಶಿಷ್ಯನಿಂದ ಇನ್ನೊಬ್ಬನಿಗೆ ಕೈಕೆಲಸ ದಾಟುವಷ್ಟು ಕಾಲ. ಅವರು ಈಗ ಮಾಡುವ ಮಾಡೆಲ್ 94, 1892, 1873 ಮಾದರಿಗಳಲ್ಲಿ ಮರವೂ ಉಕ್ಕೂ ಕೂಡುವ ಸಂದಿಯ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದ್ದೇನೆ. ಫಿಟ್ಟರ್ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಅಂಥ ಸಂದಿ ತಂದವನಿಗೆ ನಾನು ಒಂದು ಅಂಕವನ್ನೂ ಕಡಿಯುತ್ತಿರಲಿಲ್ಲ.

ಇನ್ನು ಇವುಗಳಲ್ಲಿ ಮಾಡೆಲ್ 94ನ್ನು ರೂಪಿಸಿದ ಮನುಷ್ಯನ ಜೀವನವೇ ಗಡಿ ದಾಟಿದ ಕತೆ. ಅವನು ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಬಂದೂಕು ದುರಸ್ತಿಯ ತಂದೆಯ ಅಂಗಡಿಯಲ್ಲಿ ಬೆಳೆದವನು. ಅವನು ಅಲ್ಲಿಯ ತನಕ ಮಾಡಿದ ವಿನ್ಯಾಸಗಳನ್ನು ಒಟ್ಟು ಬೆಲೆಗೆ ವಿಂಚೆಸ್ಟರಿಗೆ ಮಾರುತ್ತ ಬಂದಿದ್ದ. ತಾನೇ ತೋಟಾ ತುಂಬಿಕೊಳ್ಳುವ ಹೊಸ ಬಂದೂಕೊಂದನ್ನು ಮಾಡಿದಾಗ ಮಾತ್ರ, ಇದಕ್ಕೆ ಒಟ್ಟು ಬೆಲೆ ಬೇಡ, ಮಾರಿದ ಪ್ರತಿಯೊಂದಕ್ಕೂ ಗೌರವಧನ ಬೇಕು ಎಂದ. ವಿಂಚೆಸ್ಟರ್ ಒಪ್ಪಲಿಲ್ಲ. ಅವನು ರೆಮಿಂಗ್ಟನ್ ಕಂಪನಿಗೆ ಹೋದ. ಮಾತುಕತೆಗೆ ಗೊತ್ತುಮಾಡಿದ ದಿನವೇ, 1902ರ ಜನವರಿಯಲ್ಲಿ, ಅದರ ಅಧ್ಯಕ್ಷ ಹೃದಯಾಘಾತದಿಂದ ತೀರಿಕೊಂಡ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋದ. ಲಿಯೇಜ್ ನಗರದ ಪಕ್ಕದ ಹರ್ಸ್ಟಾಲಿನಲ್ಲಿ ಎಫ್‌ಎನ್ ಎಂಬ ಕಾರ್ಖಾನೆ ಇತ್ತು. ಬೆಲ್ಜಿಯಮ್ ಸರ್ಕಾರಕ್ಕೆ 1,50,000 ಮೌಸರ್ ರೈಫಲ್ಲುಗಳನ್ನು ಮಾಡಿಕೊಡಲೆಂದು 1889ರಲ್ಲಿ ಹುಟ್ಟಿದ್ದು ಅದು. ಅವನ ಆ ಹೊಸ ಬಂದೂಕು, ಅಮೆರಿಕದ ಬೇಟೆಗಾರರ ಮೆಚ್ಚಿನ ಆಟೋ-5, ಮೊದಲು ತಯಾರಾದದ್ದು ಅಲ್ಲಿ. 1926ರಲ್ಲಿ ಬ್ರೌನಿಂಗ್ ತೀರಿಕೊಂಡದ್ದೂ ಅದೇ ಕಾರ್ಖಾನೆಯಲ್ಲಿ. ಅರ್ಧ ಶತಮಾನ ಕಳೆದ ಮೇಲೆ, 1970ರ ದಶಕದಲ್ಲಿ, ಬೆಲ್ಜಿಯಮ್ಮಿನ ಕೂಲಿ ದುಬಾರಿಯಾದಾಗ ಅಲ್ಲಿಂದ ಆಟೋ-5 ಜಪಾನಿಗೆ ಹೋಯಿತು. ನ್ಯೂ ಹೇವನ್ನಿನವರು ಅತ್ತಂತೆಯೇ ಹರ್ಸ್ಟಾಲಿನವರೂ ಅತ್ತಿರಬೇಕು.

ವೆದರ್‌ಬೈ ಕಂಪನಿಯ ಹೆಸರಾಂತ ಮಾರ್ಕ್ ಫೈವ್ ರೈಫಲ್ಲಿನ ದಾರಿ ಇನ್ನೂ ಉದ್ದ. ಕ್ಯಾಲಿಫೋರ್ನಿಯಾದ ಹೆಸರು ಹೊತ್ತು ಜರ್ಮನಿಯ ಸಾಯರ್ ಕಾರ್ಖಾನೆಯಲ್ಲಿ ತಯಾರಾಯಿತು, 1970ರ ದಶಕದಲ್ಲಿ ಜಪಾನಿನ ಹೋವಾ ಕಾರ್ಖಾನೆಗೆ ಹೋಯಿತು, ಯೆನ್ ದುಬಾರಿಯಾಗಿದ್ದ 1990ರ ದಶಕದ ನಡುವಿನಲ್ಲಿ ಅಮೆರಿಕಕ್ಕೆ ಮರಳಿತು.

ನಮ್ಮ ಕಡೆಗೆ ತಿರುಗಿ ನೋಡಿದರೂ ಇದೇ. ನಮ್ಮ ಹಳ್ಳಿಗಳಲ್ಲಿ ಲೈಸನ್ಸ್ ಇರುವ ಮನೆಗಳಲ್ಲಿ ಕಾಣುವ .315 ರೈಫಲ್ಲು ಬಂಗಾಳದ ಇಚ್ಛಾಪುರದ ರೈಫಲ್ ಫ್ಯಾಕ್ಟರಿಯದು. ಅದರ ಮೂಲ ಬ್ರಿಟಿಷರ ಲೀ-ಎನ್‌ಫೀಲ್ಡ್. ಅದರ ಬೋಲ್ಟಿನ ವಿನ್ಯಾಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವನು. ಅಂದರೆ ನಾವು ದೇಶೀ ರೈಫಲ್ಲು ಎನ್ನುವುದು ಕೂಡ ಎರಡು ಸಮುದ್ರ ದಾಟಿ ಬಂದದ್ದು, ಮತ್ತು ಶತಮಾನದ ಕೆಲಸದಿಂದ ಇಚ್ಛಾಪುರದವರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಿದ್ದರೆ ಊರು ಬದಲಾದರೆ ನಷ್ಟವೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಬಹಳ ಇದೆ. ಅದನ್ನು ನಾನು ಸ್ಪಷ್ಟವಾಗಿ ಕಂಡದ್ದು ಬೀದರಿನಲ್ಲಿ.

ನ್ಯೂ ಹೇವನ್ನಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದ ಅದೇ 2006ರ ಜನವರಿಯಲ್ಲಿ ನಮ್ಮ ಬಿದ್ರಿ ಕೆಲಸಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಒಂದು ಊರು ತನ್ನ ಹೆಸರನ್ನು ಕಳೆದುಕೊಂಡ ತಿಂಗಳಲ್ಲಿ ಇನ್ನೊಂದು ಊರಿನ ಹೆಸರಿಗೆ ಕಾನೂನಿನ ಕಾವಲು ಬಂತು. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹಲವು ಸಲ ಚೌಬಾರಾದ ಹತ್ತಿರದ ಕಾರ್ಖಾನೆಗಳಿಗೆ ಹೋಗಿದ್ದೇನೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ನಯ ಮಾಡುತ್ತಾರೆ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ ಅದರ ಮೇಲೆ ಚಿತ್ರ ಬರೆದು ಕೊರೆಯುತ್ತಾರೆ, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದಾಗ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಮ್ಮೆ ನಮ್ಮ ಹುಡುಗನೊಬ್ಬ, ಯಾವ ಮಣ್ಣಾದರೂ ನಡೆಯುತ್ತದೆಯೇ ಎಂದು ಕೇಳಿದ. ಉಸ್ತಾದರು ಉತ್ತರಿಸದೆ ಡಬ್ಬಿಯಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಂಡರು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಡೀತದ" ಎಂದರು. ಇನ್ನೊಂದು ಡಬ್ಬಿಯದನ್ನು ರುಚಿ ನೋಡಿ ಬದಿಗಿಟ್ಟರು.

ಬಿದ್ರಿಯೂ ಹೊರಗಿನಿಂದ ಬಂದದ್ದೇ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಗಳು ತಂದರೆಂದು ಬೀದರಿನವರೇ ಹೇಳುತ್ತಾರೆ. ಕಲೆ ನಡೆದು ಬಂತು, ಏಕೆಂದರೆ ಅದನ್ನು ಬಲ್ಲ ಮನುಷ್ಯರು ನಡೆದು ಬಂದರು. ಇಲ್ಲಿ ಅವರ ಪಕ್ಕದಲ್ಲಿ ಕೂತು ಕಲಿತವರಿದ್ದರು. ಆ ನಾಲಿಗೆಯ ತುದಿಯ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ದಾಟಿತು. ವಸ್ತುವಿನ ನಕ್ಷೆ ಕಾಗದದ ಮೇಲೆ ಬರೆಯಬಹುದು, ಯಂತ್ರವನ್ನು ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಬಹುದು. ಕಣ್ಣು ಮುಚ್ಚಿ ಚೂಡಿ ನೋಡುವ ಬೆರಳನ್ನು ಕಳುಹಿಸಲಾಗುವುದಿಲ್ಲ. ಆ ಬೆರಳಿನ ಪಕ್ಕದಲ್ಲಿ ಇನ್ನೊಂದು ಎಳೆಯ ಬೆರಳು ವರ್ಷಗಟ್ಟಲೆ ಇರಬೇಕು.

ಇದಕ್ಕೆ ಅಮೆರಿಕದಲ್ಲಿಯೇ ಒಳ್ಳೆಯ ಸಾಕ್ಷಿ ಇದೆ, ಮತ್ತು ಅದರಲ್ಲಿ ಸಮುದ್ರದ ಮಾತೇ ಇಲ್ಲ. ಮಾರ್ಲಿನ್ ಎಂಬ ಇನ್ನೊಂದು ಹಳೆಯ ಕಂಪನಿ 1870ರಲ್ಲಿ ಇದೇ ನ್ಯೂ ಹೇವನ್ನಿನಲ್ಲಿ ಹುಟ್ಟಿ, ಪಕ್ಕದ ನಾರ್ತ್ ಹೇವನ್ನಿಗೆ ಹೋಗಿ, ಲಿವರ್ ಎಳೆದು ತೋಟಾ ತುಂಬುವ ಬೇಟೆ ರೈಫಲ್ಲುಗಳಿಗೆ ಹೆಸರಾಗಿತ್ತು. ರೆಮಿಂಗ್ಟನ್ ಕಂಪನಿ ಅದನ್ನು ಕೊಂಡು, 2011ರ ಹೊತ್ತಿಗೆ ಆ ಕಾರ್ಖಾನೆಯನ್ನು ಮುಚ್ಚಿ, ಕೆಲಸವನ್ನು ನ್ಯೂಯಾರ್ಕ್ ರಾಜ್ಯದ ಇಲಿಯನ್ನಿಗೆ ಸಾಗಿಸಿತು. ಅದೇ ದೇಶ, ಅದೇ ಭಾಷೆ; ಒಂದು ದಿನದೊಳಗೆ ಲಾರಿ ತಲುಪುವ ದೂರ. ಯಂತ್ರಗಳು ಹೋದವು, ಅವುಗಳ ಮುಂದೆ ಜೀವಮಾನ ಕಳೆದವರು ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಬಂದ ರೈಫಲ್ಲುಗಳಲ್ಲಿ ಗುರಿಯ ಮೊನೆ ಓರೆ, ಮರಕ್ಕೂ ಉಕ್ಕಿಗೂ ನಡುವೆ ಸಂದಿ, ಲಿವರಿನ ಚಲನೆಯಲ್ಲಿ ಒರಟುತನ ಎಂದು ಕೊಂಡವರು ದೂರಿದರು. ಹಳೆಯ ಯಂತ್ರಗಳು ಸವೆದಂತೆ ಅವುಗಳ ಸವೆತವನ್ನು ಬಲ್ಲವರು ಕೈಯಿಂದ ಸರಿತೂಗಿಸುತ್ತಿರುತ್ತಾರೆ. ಆ ಸರಿತೂಗಿಸುವಿಕೆ ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಯಾವ ಹಳೆಯ ವರ್ಕ್‌ಶಾಪಿಗೆ ಬೇಕಾದರೂ ಹೋಗಿ, ಅಲ್ಲಿನ ಒಂದು ಲೇತ್ ಒಬ್ಬನೇ ಮನುಷ್ಯನ ಮಾತು ಕೇಳುವುದನ್ನು ಕಾಣಬಹುದು. ಮುಂದೆ 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ನನ್ನು ಕೊಂಡು, ಹೊಸ ಯಂತ್ರಗಳಿಗೆ ತಕ್ಕಂತೆ ಎಲ್ಲವನ್ನೂ ಮೊದಲಿನಿಂದ ಅಳೆದು ಕೂರಿಸಿ, 2021ರ ಕೊನೆಯಿಂದ ಉತ್ತರ ಕೆರೊಲಿನಾದಲ್ಲಿ ಮತ್ತೆ ರೈಫಲ್ಲು ತಂದಾಗ ಅದೇ ಬೇಟೆಗಾರರು ಹೊಗಳಿದರು.

ಆದ್ದರಿಂದ ಅಣ್ಣನ ಮಗನಿಗೆ ನಾನು ಬರೆದ ಉತ್ತರದ ತಿರುಳು ಇದು. ನೀನು ಕೈಯಲ್ಲಿ ಹಿಡಿದದ್ದು ನಕಲಿಯಲ್ಲ. ಜಪಾನ್ ಎಂದು ಅದರ ಮೈಮೇಲೆಯೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಅದನ್ನು ಮಾಡಿದವರಿಗೆ ಗೌರವ ಕೊಟ್ಟು ಓದು. ಬಹುಶಃ 1964ರ ನಂತರದ ಎಷ್ಟೋ ನ್ಯೂ ಹೇವನ್ ರೈಫಲ್ಲುಗಳಿಗಿಂತ ಅದು ಚೆನ್ನಾಗಿದೆ. ನಷ್ಟವಾದದ್ದು ನಿನ್ನ ಕೈಯಲ್ಲಿರುವ ವಸ್ತುವಿಗಲ್ಲ, ಕೋಚಿಯ ಜನರಿಗಂತೂ ಅಲ್ಲ. ನಷ್ಟವಾದದ್ದು ನ್ಯೂ ಹೇವನ್ನಿನಲ್ಲಿ ಆ ಗೇಟಿನ ಎದುರಿನ ಓಣಿಗಳಲ್ಲಿ ಹುಟ್ಟಿದ ಮಕ್ಕಳಿಗೆ. ಅಜ್ಜನಿಗೆ ತಿಳಿದಿದ್ದನ್ನು ಮೊಮ್ಮಗ ಕಲಿಯುವ ಜಾಗವೇ ಅಲ್ಲಿ ಇಲ್ಲವಾಯಿತು. ಕಂಪನಿಯ ಲೆಕ್ಕಪುಸ್ತಕದಲ್ಲಿ ಈ ನಷ್ಟಕ್ಕೆ ಕಲಮೇ ಇಲ್ಲ, ಆದ್ದರಿಂದ ಊರು ಬದಲಿಸುವ ತೀರ್ಮಾನ ಮಾಡುವವರಿಗೆ ಅದು ಕಾಣುವುದೂ ಇಲ್ಲ. ಕೂಲಿ ಎಲ್ಲಿ ಅಗ್ಗ ಎಂದು ನೋಡುವುದು ವ್ಯಾಪಾರ; ಅದನ್ನು ನಾನು ದೂರುವುದಿಲ್ಲ. ಆದರೆ ಮುಚ್ಚುವ ಮೊದಲು ಹಳೆಯ ಕೈಗಳ ಪಕ್ಕದಲ್ಲಿ ಹೊಸ ಕೈಗಳನ್ನು ಕೂರಿಸದಿರುವುದನ್ನು, ನೂರು ವರ್ಷಕ್ಕೂ ಮೀರಿದ ತಿಳಿವಳಿಕೆಯನ್ನು ಮಾರ್ಚ್ ತಿಂಗಳ ಒಂದು ಸಂಜೆ ಗೇಟಿನ ಹೊರಗೆ ಕಳಿಸಿಬಿಡುವುದನ್ನು ನಾನು ದೂರುತ್ತೇನೆ.

ನಮ್ಮ ಊರಿಗೂ ಇದು ಹೊಸದಲ್ಲ. ಕಲಬುರಗಿಯಲ್ಲಿ ನಿಜಾಮರ ಕಾಲದ ಎಂ.ಎಸ್.ಕೆ. ಮಿಲ್ ಮುಚ್ಚಿ ದಶಕಗಳಾದವು. ಬಡಾವಣೆಗೆ ಮಿಲ್ಲಿನ ಹೆಸರು ಉಳಿದಿದೆ. ಮಗ್ಗದ ಸದ್ದು ಕೇಳಿಯೇ ಯಾವ ಕಡೆ ಎಳೆ ಕಡಿದಿದೆ ಎಂದು ಹೇಳುತ್ತಿದ್ದ ಹಿರಿಯರೊಬ್ಬರು ನಮ್ಮ ನೆರೆಯಲ್ಲಿದ್ದರು. ಅವರ ಮಕ್ಕಳಲ್ಲಿ ಯಾರೂ ಮಗ್ಗ ಮುಟ್ಟಲಿಲ್ಲ, ಮುಟ್ಟಲು ಮಗ್ಗವೂ ಇರಲಿಲ್ಲ.

ಕಳೆದ ಚುನಾವಣೆಯ ನಂತರ ಅಣ್ಣ ಠಾಣೆಯಿಂದ ರೈಫಲ್ಲನ್ನು ಬಿಡಿಸಿಕೊಂಡು ಬಂದಾಗ ಬೋಲ್ಟು ಬಿಗಿಯಾಗಿತ್ತು. ಹಳೆಯ ಎಣ್ಣೆ ಒಣಗಿ ಅಂಟಾಗಿತ್ತು, ಅಷ್ಟೇ. "ಇನ್ನ ಮುಂದ ಇದನ್ನ ಯಾರ ಹತ್ರ ಒಯ್ಯೋದು?" ಎಂದ. ಮಿಸ್ತ್ರಿಯವರು ತೀರಿಕೊಂಡು ಹಲವು ವರ್ಷಗಳಾಗಿವೆ. ಅವರ ಅಂಗಡಿಯ ಜಾಗದಲ್ಲಿ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಒಳ್ಳೆಯ ಕೆಲಸಗಾರ, ಅಪ್ಪನ ಕೈ ಅವನಿಗೆ ಬೇರೆ ರೀತಿಯಲ್ಲಿ ಬಂದಿದೆ. ನಾನು ಅಲ್ಲಿಗೆ ಹೋದಾಗ ಅವನು ಕೌಂಟರಿನ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ತೆಗೆದ. ಅದರೊಳಗೆ ಮಿಸ್ತ್ರಿಯವರ ಅರಗಳು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದವು. ತುಕ್ಕು ಒಂದಕ್ಕೂ ಹಿಡಿದಿರಲಿಲ್ಲ. ಒಂದರ ಮರದ ಹಿಡಿಯಲ್ಲಿ ಹೆಬ್ಬೆರಳು ಕೂರುವ ಕಡೆ ಸವೆದು ಕುಳಿ ಬಿದ್ದಿತ್ತು. "ನೀವೇ ಇಟ್ಕೊಳ್ರಿ ಸರ್, ನನಗ ಇದರ ಕೆಲಸ ಗೊತ್ತಿಲ್ಲ," ಎಂದ. ನಾನು ಬೇಡವೆಂದೆ, ಅವನ ಮಗನನ್ನು ಭಾನುವಾರ ನಮ್ಮ ಮನೆಗೆ ಕಳುಹಿಸು, ಪೆಟ್ಟಿಗೆಯನ್ನೂ ಅವನ ಕೈಯಲ್ಲಿಯೇ ಕಳುಹಿಸು ಎಂದೆ.

ಹುಡುಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಾನೆ. ಫಿಟ್ಟರ್ ತರಗತಿಗೆ ಬಂದ ಎಲ್ಲರಿಗೂ ಕೊಡುತ್ತಿದ್ದ ಮೊದಲ ಕೆಲಸವನ್ನೇ ಅವನಿಗೂ ಕೊಟ್ಟಿದ್ದೇನೆ: ಒರಟಾದ ಒಂದು ಕಬ್ಬಿಣದ ತುಂಡು, ಅರದಿಂದ ಮಾತ್ರ ಉಜ್ಜಿ ಆರೂ ಬದಿ ಸಮವಾದ ಘನ ಮಾಡಬೇಕು. ಮೊದಲ ವಾರ ಅರವನ್ನು ಬಿಗಿಯಾಗಿ ಹಿಡಿದು ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡ. ಎರಡನೆಯ ವಾರ ಅವನ ಹೆಬ್ಬೆರಳು ತಾನಾಗಿಯೇ ಅಜ್ಜನ ಕುಳಿಯಲ್ಲಿ ಕೂತಿತು. ನಿನ್ನೆ ಮೂರನೆಯ ಭಾನುವಾರ, ಮಟ್ಟಗೋಲನ್ನು ಇಟ್ಟು ಬೆಳಕಿಗೆ ಹಿಡಿದು ನೋಡಿದೆವು. ಒಂದು ಬದಿಯ ಅಡಿಯಲ್ಲಿ ಬೆಳಕು ಎಲ್ಲಿಯೂ ಹಾಯಲಿಲ್ಲ. ಇನ್ನೂ ಐದು ಬದಿಗಳಿವೆ.